ವಾಚ್‌ಮನ್ ಪುಸ್ತಕದಲ್ಲಿ 41 ‘ಪಾಹುಣೆ’: ಮುಂಬಯಿಯಲ್ಲಿ ದಿನಬಾಡಿಗೆ ಮನೆ ನಡೆಸಿದ ನನ್ನ ಅನುಭವ

ನಾವು ವಾಸಿಸುವುದು ಮಾಟುಂಗಾದಲ್ಲಿ. ಶಿವಡಿಯಲ್ಲಿ ನನ್ನ ತಂದೆಯವರು ಬಿಟ್ಟುಹೋದ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟ್ ಇದೆ. ವರ್ಷಕಾಲ ಬೀಗ ಬಿದ್ದಿದ್ದ ಆ ಮನೆಯನ್ನು ದಿನಬಾಡಿಗೆಗೆ ಕೊಡಬೇಕೆಂಬ ಯೋಚನೆ ಬಂದದ್ದು ಹತ್ತಿರದ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ದೆಸೆಯಿಂದ. ಶರಾವತಿ ಅಥವಾ ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ದಾದರಿಗೆ ಬಂದಿಳಿದು, ತಪಾಸಣೆಯ ವರದಿ ಕೈಗೆ ಬರುವವರೆಗೆ ನಾಲ್ಕೈದು ದಿನ ಎಲ್ಲಿ ಉಳಿಯುವುದೆಂದು ತಿಳಿಯದೆ ಒದ್ದಾಡುವ ಗದಗ, ಹಾವೇರಿ, ದಾವಣಗೆರೆ ಕಡೆಯ ಕುಟುಂಬಗಳನ್ನು ನಾನು ಮೊದಲಿನಿಂದಲೂ ಕಂಡಿದ್ದೆ. ಒಂದು ರಾತ್ರಿಗೆ 1,800 ರೂಪಾಯಿಯಂತೆ 2022ರ ದೀಪಾವಳಿಯ ನಂತರ ಕೊಡಲಾರಂಭಿಸಿದೆ. ಪರಿಚಿತರ ಮೂಲಕ ಬರುವವರು ಕೆಲವರು, ಆನ್‌ಲೈನ್ ಬುಕಿಂಗ್ ವೇದಿಕೆಯ ಮೂಲಕ ಬರುವವರು ಕೆಲವರು. ನಿಯಮಗಳ ಬಗ್ಗೆ ಆಗ ನನಗಿದ್ದ ತಿಳಿವಳಿಕೆ ಇಷ್ಟೇ: ಮನೆ ನನ್ನದು, ಆದಾಯ ತೆರಿಗೆ ಕಟ್ಟಿದರೆ ಸಾಕು.

ಆರನೆಯ ತಿಂಗಳಿಗೆ ಸೊಸೈಟಿಯ, ಅಂದರೆ ಆ ಕಟ್ಟಡದ ಫ್ಲ್ಯಾಟ್ ಮಾಲೀಕರ ಸಹಕಾರ ಸಂಘದ, ಕಾರ್ಯದರ್ಶಿಗಳು ಕರೆಸಿದರು. ಮೇಜಿನ ಮೇಲೆ ವಾಚ್‌ಮನ್ ಬರೆಯುವ ಉದ್ದನೆಯ ಪುಸ್ತಕವಿತ್ತು. ನಮ್ಮ ಫ್ಲ್ಯಾಟಿನ ಸಂಖ್ಯೆಯ ಎದುರಿಗೆ ಆತ ಪ್ರತಿ ಬಾರಿಯೂ ‘ಪಾಹುಣೆ’ ಎಂದೇ ಬರೆದಿದ್ದ. ಮರಾಠಿಯಲ್ಲಿ ಅದು ಅತಿಥಿಗೂ ಸಲ್ಲುವ, ಬೀಗರಿಗೂ ಸಲ್ಲುವ ಮಾತು. ಕಾರ್ಯದರ್ಶಿಗಳು ಕೆಂಪು ಪೆನ್ನಿನಿಂದ ಒಂದೊಂದರ ಕೆಳಗೂ ಗೆರೆ ಎಳೆದು, ತಿಂಗಳಿಗೆ 41 ಆದವೆಂದು ಲೆಕ್ಕ ಹಾಕಿ, ‘ಶೆಟ್ಟಿ ಸಾಹೇಬ್, ಇಷ್ಟು ಮಂದಿ ಬೀಗರಾಗಬೇಕಾದರೆ ನಿಮಗೆ ಹೆಣ್ಣುಮಕ್ಕಳು ಎಷ್ಟು?’ ಎಂದು ಕೇಳಿದರು. ನಗು ಬಂದರೂ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅತಿಥಿಯೊಬ್ಬರಿಗೆ ದಿನಕ್ಕೆ 500 ರೂಪಾಯಿಯಂತೆ ಸೊಸೈಟಿಗೆ ಕಟ್ಟಬೇಕೆಂಬುದು ಅವರ ಬೇಡಿಕೆಯಾಗಿತ್ತು. ಈ ವಿಷಯದಲ್ಲಿ ಅವರು ತಪ್ಪಿದ್ದರು. ಸದಸ್ಯನು ತಾನು ವಾಸಿಸದೆ ಫ್ಲ್ಯಾಟನ್ನು ಬೇರೆಯವರಿಗೆ ಕೊಟ್ಟಾಗ ಸೊಸೈಟಿ ವಸೂಲು ಮಾಡಬಹುದಾದ ನಾನ್ ಆಕ್ಯುಪೆನ್ಸಿ ಶುಲ್ಕವು ಸೇವಾ ಶುಲ್ಕದ ಶೇ. 10ನ್ನು ಮೀರಕೂಡದೆಂದು ಮಹಾರಾಷ್ಟ್ರ ಸರ್ಕಾರ 2001ರಲ್ಲೇ ಆದೇಶ ಹೊರಡಿಸಿದೆ. ನಮ್ಮ ಬಿಲ್ಲಿನಲ್ಲಿ ಪಾಲಿಕೆಯ ತೆರಿಗೆ ಇತ್ಯಾದಿಗಳನ್ನು ಕಳೆದು ಉಳಿಯುವ ಸೇವಾ ಶುಲ್ಕ 1,900 ರೂಪಾಯಿ. ಅದರಂತೆ ಕೊಡಬೇಕಾದದ್ದು ತಿಂಗಳಿಗೆ 190 ಮಾತ್ರ. ಆದೇಶದ ಪ್ರತಿಯನ್ನು ತೋರಿಸಿದಾಗ ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಆದರೆ ವಾಸಕ್ಕೆಂದು ಕೊಟ್ಟ ಫ್ಲ್ಯಾಟನ್ನು ಲಾಡ್ಜಿನಂತೆ ನಡೆಸಲು ಉಪವಿಧಿಗಳಲ್ಲಿ ಅವಕಾಶವಿಲ್ಲವೆಂಬ ಅವರ ಎರಡನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಯೋಚಿಸಿದರೆ, ದುಡ್ಡಿನ ಲೆಕ್ಕದಲ್ಲಿ ತಪ್ಪಿದ್ದ ಅವರು ಮೂಲ ವಿಷಯದಲ್ಲಿ ಸರಿಯಾಗಿಯೇ ಇದ್ದರೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಆ ಮೇಲೆಯೇ ನಾನು ಕಾನೂನನ್ನು ಓದಲು ಕುಳಿತದ್ದು. ಮುಂಬಯಿಯಲ್ಲಿ ಎಲ್ಲರ ಬಾಯಲ್ಲೂ ಇರುವ ‘ಹನ್ನೊಂದು ತಿಂಗಳ ಅಗ್ರಿಮೆಂಟ್’ ವಾಸ್ತವವಾಗಿ ಬೇರೆ ರಾಜ್ಯಗಳ ರೂಢಿ. ಒಂದು ವರ್ಷಕ್ಕೆ ಕಡಿಮೆಯಾದರೆ ನೋಂದಣಿ ಬೇಡವೆಂಬ ಅನುಕೂಲಕ್ಕಾಗಿ ಅಲ್ಲಿ ಹುಟ್ಟಿಕೊಂಡದ್ದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನ ಪ್ರಕಾರ ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು (ಮನೆಯಲ್ಲಿ ಹಕ್ಕು ಕೊಡದೆ, ಬಳಸಲು ಅನುಮತಿ ಮಾತ್ರ ಕೊಡುವ ಒಪ್ಪಂದ) ಎಷ್ಟೇ ಅವಧಿಯದ್ದಾಗಿರಲಿ, ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಬೇಕು. ತಪ್ಪಿದರೆ ಹೊಣೆ ಮನೆಯ ಮಾಲೀಕನದು. ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮೂರು ರಾತ್ರಿ ತಂಗುವವರೊಡನೆ ಇಂಥ ಕರಾರು ಮಾಡಿಕೊಳ್ಳುವುದು ಆಗಹೋಗುವ ಕೆಲಸವಲ್ಲ. ಅದೇ ಕಾಯಿದೆ ‘ಪೇಯಿಂಗ್ ಗೆಸ್ಟ್’ ಎಂಬವನನ್ನು ಬೇರೆಯಾಗಿ ಗುರುತಿಸುತ್ತದೆಯಾದರೂ, ಮಾಲೀಕನು ತಾನು ವಾಸಿಸುವ ಮನೆಯಲ್ಲೇ ಒಂದು ಭಾಗವನ್ನು ಕೊಟ್ಟಿರಬೇಕೆಂಬುದು ಅದರ ವ್ಯಾಖ್ಯೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯನ್ನು ತೆರೆದು ನೋಡಿದರೆ ಅಲ್ಲಿಯೂ ಅದೇ ಷರತ್ತು: ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮಾಲೀಕ ಅಲ್ಲಿಯೇ ವಾಸವಾಗಿರಬೇಕು. ಬೀಗದ ಕೈಯನ್ನು ವಾಚ್‌ಮನ್ ಬಳಿ ಬಿಟ್ಟು ನಡೆಸುವ ನನ್ನ ಶಿವಡಿಯ ಮನೆ ಹೀಗೆ ಯಾವ ಖಾನೆಗೂ ಸೇರದೆ ಉಳಿಯಿತು.

ಆದ್ದರಿಂದ ವ್ಯವಸ್ಥೆಯನ್ನೇ ತಿರುವುಮುರುವು ಮಾಡಿದೆ. ಶಿವಡಿಯ ಫ್ಲ್ಯಾಟನ್ನು ತಿಂಗಳಿಗೆ 27,000 ರೂಪಾಯಿಯಂತೆ ನರ್ಸ್ ದಂಪತಿಗೆ ಕೊಟ್ಟು ಕರಾರನ್ನು ನೋಂದಾಯಿಸಿದೆ. ಏಜೆಂಟರು ಬೆರಳಿನ ಗುರುತು ಪಡೆಯುವ ಯಂತ್ರವನ್ನು ಮನೆಗೇ ತಂದರು. ಸ್ಟ್ಯಾಂಪ್ ಡ್ಯೂಟಿ ಶೇ. 0.25ರ ಲೆಕ್ಕದಲ್ಲಿ 800 ರೂಪಾಯಿ ದಾಟಲಿಲ್ಲ, ನೋಂದಣಿ ಶುಲ್ಕ 1,000. ಬಾಡಿಗೆದಾರರ ವಿವರವನ್ನು ಪೊಲೀಸರಿಗೂ ಸಲ್ಲಿಸಿದೆ. ಮಾಟುಂಗಾದ ನಮ್ಮ ಮನೆಯಲ್ಲಿ ಮಗ ಪುಣೆಗೆ ಹೋದ ಮೇಲೆ ತೆರವಾಗಿದ್ದ ಕೋಣೆಯನ್ನು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಡಿ ನೋಂದಾಯಿಸಲು ಅರ್ಜಿ ಹಾಕಿದೆ. ಇಲ್ಲಿನ ಸೊಸೈಟಿಯ ಸಭೆಯಲ್ಲಿ ನಾನೇ ಮುಂದಾಗಿ ವಿಷಯವಿಟ್ಟು, ಒಂದೇ ಕೋಣೆ, ಒಂದು ಸಲಕ್ಕೆ ಒಂದೇ ಕುಟುಂಬ, ರಾತ್ರಿ ಹತ್ತರ ನಂತರ ಪ್ರವೇಶವಿಲ್ಲ ಎಂದು ಬರೆದುಕೊಟ್ಟು ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಪಡೆದೆ. ಪರಿಶೀಲನೆಗೆ ಬಂದವರು ಹಾಸಿಗೆಗಿಂತ ಹೆಚ್ಚು ಹೊತ್ತು ಬಚ್ಚಲುಮನೆಯನ್ನು ನೋಡಿದರು.

ಆದಾಯ ಇಳಿಯಿತೆನ್ನುವುದರಲ್ಲಿ ಸಂಶಯವಿಲ್ಲ. ತಿಂಗಳಿಗೆ 20 ರಾತ್ರಿ ತುಂಬಿದರೆ ಶಿವಡಿಯಿಂದ 36,000 ರೂಪಾಯಿ ಬರುತ್ತಿತ್ತು. ಆದರೆ ಅದರಲ್ಲಿ ಅಗಸನಿಗೆ, ಕೆಲಸದವಳಿಗೆ, ಬುಕಿಂಗ್ ವೇದಿಕೆಯ ಕಮಿಷನ್ನಿಗೆ ಹೋಗುತ್ತಿದ್ದುದನ್ನು ಕಳೆದರೆ ಉಳಿಯುತ್ತಿದ್ದುದು ಈಗಿನ ಬಾಡಿಗೆಗಿಂತ ಬಹಳ ಹೆಚ್ಚೇನಲ್ಲ. ಜಿಎಸ್‌ಟಿ ವಿಚಾರಕ್ಕೆ ಅನಗತ್ಯವಾಗಿ ಹೆದರಿದ್ದೆ. ವಾರ್ಷಿಕ ವಹಿವಾಟು 20 ಲಕ್ಷದೊಳಗಿರುವುದರಿಂದ ನನಗೆ ನೋಂದಣಿಯ ಅಗತ್ಯವಿಲ್ಲ; ವೇದಿಕೆಯ ಮೂಲಕ ಬಂದ ಬುಕಿಂಗಿಗೆ ತೆರಿಗೆಯನ್ನು ವೇದಿಕೆಯೇ ಕಟ್ಟುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ. 12 ಇದ್ದ ಆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ.

ನಾನು ನಿಜವಾಗಿ ಎಡವಿದ್ದು ಬೇರೊಂದು ಕಡೆ. ಹಾವೇರಿಯ ವೃದ್ಧೆಯೊಬ್ಬರನ್ನು ತೋರಿಸಲು ಅವರ ಮಗ ಬಂದಿದ್ದರು. ನಮ್ಮವರೇ, ಅಚ್ಚ ಕನ್ನಡದ ಹೆಸರು, ಬಂದವರೇ ‘ಅಕ್ಕಾರ, ಎರಡು ರೊಟ್ಟಿ ಸಿಗ್ತಾವೇನ್ರಿ?’ ಎಂದು ನನ್ನ ಹೆಂಡತಿಯನ್ನು ಕೇಳಿದರು. ಮರುದಿನ ಬೆಳಿಗ್ಗೆ ಗುರುತಿನ ಚೀಟಿ ಕೇಳಿದಾಗ ಕೈಗೆ ಬಂದದ್ದು ಪ್ರವಾಸಿ ವೀಸಾ ಹಚ್ಚಿದ ಅಮೆರಿಕದ ಪಾಸ್‌ಪೋರ್ಟ್. ವಿದೇಶಿ ಪ್ರಜೆ ತಂಗಿದ 24 ಗಂಟೆಗಳೊಳಗೆ ಅವರ ವಿವರವನ್ನು, ಆಗ ‘ಫಾರಂ ಸಿ’ ಎನ್ನುತ್ತಿದ್ದ ನಮೂನೆಯಲ್ಲಿ, ಆನ್‌ಲೈನಿನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕಿತ್ತು, ಹಾಗೆ ಸಲ್ಲಿಸಲು ಮನೆಯ ಹೆಸರಿನಲ್ಲಿ ಮೊದಲೇ ಖಾತೆ ತೆರೆದು ಅನುಮೋದನೆ ಪಡೆದಿರಬೇಕಿತ್ತು. ನನ್ನಲ್ಲಿ ಅದು ಇರಲಿಲ್ಲ. ಅವರ ಕ್ಷಮೆ ಕೇಳಿ, ತಾಯಿಮಗ ಇಬ್ಬರನ್ನೂ ಅದೇ ಬೆಳಿಗ್ಗೆ ದಾದರಿನ ಹೋಟೆಲ್ಲೊಂದಕ್ಕೆ ಬಿಟ್ಟುಬಂದೆ. ರೊಟ್ಟಿಯ ಡಬ್ಬಿಯನ್ನು ಹೆಂಡತಿ ಕಟ್ಟಿಕೊಟ್ಟಳು. ಖಾತೆಗೆ ಅದೇ ವಾರ ಅರ್ಜಿ ಹಾಕಿದೆ. ಈಗ ಬುಕಿಂಗ್ ಒಪ್ಪುವ ಮೊದಲೇ, ಹೆಸರು ಯಾವುದೇ ಇರಲಿ, ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳುತ್ತೇನೆ.

ಇಡೀ ಮನೆಯೇ ಬೇಕೆಂದು ಐದಾರು ಮಂದಿಯ ಕುಟುಂಬಗಳು ಈಗಲೂ ಫೋನ್ ಮಾಡುತ್ತವೆ. ಅವರಿಗೆ ಹೇಳಲೆಂದು ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯ ವಿಳಾಸವನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೇವೆ.