ಅಳತೆ ಪುಸ್ತಕದ ಹಿಂದಿನ ಪುಟಗಳು

2024ರ ಏಪ್ರಿಲ್ ಮೊದಲ ವಾರ. ರಾತ್ರಿ ಒಂಬತ್ತರ ಹೊತ್ತಿಗೆ ಕರೆಂಟು ಹೋಯ್ತು. ಮದುವೆ ಬ್ಲೌಸೊಂದಕ್ಕೆ ತೋಳು ಕೂಡಿಸುತ್ತಿದ್ದೆ. ಮೋಟಾರ್ ಮಿಷಿನ್ ನಿಂತಿತು. ಟಾರ್ಚ್ ಹಿಡಿದು ಹಿತ್ತಲಿಗೆ ಬಂದೆ. ಸೀಬೆ ಗಿಡದ ಬುಡದಲ್ಲಿ ಎರಡು ಹಸಿರು ದೀಪ ಹೊಳೆದವು. ನಮ್ಮ ನಾಯಿ ಕೆಂಚ ಅಲ್ಲಿ ಮಲಗಿದ್ದ.

ಹಿಂದೆಯೇ ಬಂದ ಮಗ ಕೇಳಿದ: "ಅಮ್ಮಾ, ಕೆಂಚನ ಕಣ್ಣು ಹೊಳೀತವೆ. ನನ್ನ ಕಣ್ಣು ಯಾಕೆ ಹೊಳೆಯಲ್ಲ?"

ಬೇರೆ ದಿನವಾಗಿದ್ದರೆ ಮೊಬೈಲಲ್ಲಿ ನೋಡು ಅಂತಿದ್ದೆ. ಅವತ್ತು ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಹಾಗಾಗಿ ಇಬ್ಬರೂ ಸೇರಿ ಕೈಲಿದ್ದ ಟಾರ್ಚಿನಲ್ಲೇ ನೋಡೋಣ ಅಂತ ಶುರು ಮಾಡಿದೆವು. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಕೆಂಚನ ಕಣ್ಣು ಮಂಕಾಗಿ ಕಾಣುತ್ತಿತ್ತು. ಅದೇ ಟಾರ್ಚನ್ನು ನನ್ನ ಕಿವಿಯ ಪಕ್ಕ ಹಿಡಿದರೆ ಫಳ್ ಅಂತ ಹೊಳೆಯಿತು. ಪಕ್ಕದಲ್ಲಿ ನಿಂತ ಮಗನಿಗೆ ಅಷ್ಟು ಹೊಳಪು ಕಾಣಲಿಲ್ಲ. ಟಾರ್ಚು ಅವನ ಕೈಗೆ ಹೋದ ಮೇಲೆ ಅವನಿಗೆ ಕಂಡಿತು, ನನಗೆ ಮಂಕಾಯಿತು. ಅಂದರೆ ಬೆಳಕು ಎಲ್ಲಿಂದ ಹೋಗುತ್ತದೋ ಅಲ್ಲಿಗೇ ವಾಪಸ್ ಬರುತ್ತಿದೆ. ಮಗ ಕೆಂಚನ ಪಕ್ಕ ಕೂತು ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ಏನೂ ಇಲ್ಲ. ಪಕ್ಕದ ಮನೆಯ ಹಸುವಿನ ಕಣ್ಣು ಹೊಳೆಯಿತು. ಅವರ ಗೂಡಿನ ಕೋಳಿಗಳದ್ದು ಹೊಳೆಯಲಿಲ್ಲ.

ಮರುದಿನ ಓದಿದೆವು. ನಾಯಿ, ಬೆಕ್ಕು, ಹಸುಗಳ ಕಣ್ಣಿನಲ್ಲಿ ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರ ಇದೆ. ಹೆಸರು ಟಪೀಟಮ್ ಲೂಸಿಡಮ್. ರೆಟಿನಾ ಹಿಡಿಯದೆ ಬಿಟ್ಟ ಬೆಳಕನ್ನು ಅದು ಮತ್ತೆ ರೆಟಿನಾಕ್ಕೇ ತಿರುಗಿಸುತ್ತದೆ. ಕತ್ತಲಲ್ಲಿ ಸಿಕ್ಕ ಚೂರು ಬೆಳಕೂ ಎರಡು ಸಲ ಕೆಲಸಕ್ಕೆ ಬರುತ್ತದೆ. ನಮಗೆ ಆ ಪದರ ಇಲ್ಲ, ಕೋಳಿಗೂ ಇಲ್ಲ.

ಇದನ್ನೇ ಮೊದಲು ಓದಿದ್ದರೆ ಎರಡು ನಿಮಿಷದಲ್ಲಿ ಮುಗಿದು ಸಂಜೆಗೆ ಮರೆತೂ ಹೋಗುತ್ತಿತ್ತು. ಮಾಡಿ ನೋಡಿ ಆಮೇಲೆ ಓದಿದ್ದರಿಂದ ಒಂದೊಂದು ವಾಕ್ಯವೂ ನಮಗೆ ಗೊತ್ತಿದ್ದ ಜಾಗಕ್ಕೇ ಬಂದು ಕೂತಿತು. ಹೊಸ ಬಟ್ಟೆ ಹೊಲಿಯುವಾಗಲೂ ಹೀಗೇ ಅಲ್ವಾ? ಮೊದಲು ಅಳತೆ, ಆಮೇಲೆ ಕತ್ತರಿ.

ಹಾಸನದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಅಂಗಡಿ. ಗಿರಾಕಿಗಳ ಎದೆ, ಸೊಂಟ, ತೋಳು ಬರೆದುಕೊಳ್ಳುವ ಅಳತೆ ಪುಸ್ತಕದಲ್ಲಿ ಹಿಂದಿನ ಇಪ್ಪತ್ತು ಪುಟ ಖಾಲಿ ಇದ್ದವು. ಅವತ್ತಿಂದ ಅವು ಪ್ರಶ್ನೆಗೆ ಮೀಸಲಾದವು. ಪ್ರತಿ ಪ್ರಶ್ನೆಗೂ ಮೂರು ಸಾಲು. ಪ್ರಶ್ನೆ ಏನು, ನಮ್ಮ ಊಹೆ ಏನು, ಮಾಡಿ ನೋಡಿದಾಗ ಏನಾಯ್ತು. ಮೊಬೈಲ್ ನೋಡುವುದು ಮೂರೂ ಬರೆದ ಮೇಲೆ. ಇದರಲ್ಲಿ ಎರಡನೇ ಸಾಲು ತುಂಬಾ ಮುಖ್ಯ. ಊಹೆಯನ್ನು ಮೊದಲೇ ಬರೆದಿಡದಿದ್ದರೆ, ಉತ್ತರ ಗೊತ್ತಾದ ಮೇಲೆ ಎಲ್ಲರೂ "ನಾನೂ ಅದನ್ನೇ ಅಂದ್ಕೊಂಡಿದ್ದೆ" ಅಂದುಬಿಡುತ್ತೇವೆ.

ಎರಡನೇ ಪ್ರಶ್ನೆ ತಾರಸಿಯಲ್ಲಿ ಹುಟ್ಟಿತು. ಸುತ್ತಲಿನ ಮನೆಗಳ ಮೇಲಿನ ಡಿಶ್ ತಟ್ಟೆಗಳೆಲ್ಲ ಒಂದೇ ಕಡೆ ಯಾಕೆ ಮುಖ ಮಾಡಿವೆ? ಮಗನ ಊಹೆ: "ಸಾಲಗಾಮೆ ರಸ್ತೆಯ ಇಸ್ರೋ ಕಡೆಗೆ." ಊರಿನ ಮಕ್ಕಳಿಗೆ ಹಾಗನ್ನಿಸುವುದು ಸಹಜ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಲ್ಲೇ ಇದೆ. ಅಲ್ಲಿನ ದೊಡ್ಡ ತಟ್ಟೆಗಳ ಬಗ್ಗೆ ಹಾಸನದವರಿಗೆಲ್ಲ ಗೊತ್ತು. ಆದರೆ ಆ ಕೇಂದ್ರದಿಂದ ಟಿವಿ ನಮ್ಮ ಮನೆಗೆ ಬರಲ್ಲ. ಅವರು ಮೇಲಿರುವ ಉಪಗ್ರಹಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳುತ್ತಾರೆ.

ಎಣಿಸಿದೆವು. ತಾರಸಿಯಿಂದ ಕಂಡದ್ದು 31 ತಟ್ಟೆ. ಸರಿಯಾಗಿ ನೋಡಿದರೆ ಎಲ್ಲವೂ ಒಂದೇ ಕಡೆ ಇರಲಿಲ್ಲ. ಹೆಚ್ಚಿನವು ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಪೂರ್ವಕ್ಕೆ ವಾಲಿದ್ದವು. ಒಂಬತ್ತು ತಟ್ಟೆ ಇನ್ನೂ ಜಾಸ್ತಿ ಪೂರ್ವಕ್ಕೆ ತಿರುಗಿದ್ದವು. ಎಷ್ಟು ಅಂತ ಅಳೆಯಬೇಕಿತ್ತು. ಮೊಬೈಲಿನ ದಿಕ್ಸೂಚಿ ತಾರಸಿಯ ಕಬ್ಬಿಣದ ಸರಳುಗಳ ಹತ್ತಿರ ಒಂದು ಹೇಳಿದರೆ ಟ್ಯಾಂಕಿನ ಹತ್ತಿರ ಇನ್ನೊಂದು ಹೇಳುತ್ತಿತ್ತು. ಅದನ್ನು ಬಿಟ್ಟು ನೆರಳಿನಿಂದಲೇ ದಿಕ್ಕು ಹಿಡಿಯೋಣ ಅಂದುಕೊಂಡೆ.

ಹಳೇ ಮಣೆಯೊಂದರ ನಡುವೆ ಗೂಟ ಹೊಡೆದು, ಅದಕ್ಕೆ ಒಂದು ಮೀಟರ್ ಪಿವಿಸಿ ಪೈಪು ಸಿಕ್ಕಿಸಿದೆ. ನೆಟ್ಟಗಿದೆಯಾ ಅಂತ ನೋಡಲು ಗಾರೆಯವರ ತೂಗುಗುಂಡು ನನ್ನ ಹತ್ತಿರ ಇಲ್ಲ. ಹೊಲಿಗೆ ದಾರಕ್ಕೆ ಸ್ಟೀಲ್ ಬಾಬಿನ್ ಕಟ್ಟಿ ಇಳಿಬಿಟ್ಟೆ. ಪೈಪಿನ ಎರಡು ಪಕ್ಕದಿಂದಲೂ ದಾರ ಸಮ ಬರುವವರೆಗೆ ಮಣೆಯ ಕೆಳಗೆ ರಟ್ಟಿನ ಚೂರು ಇಡುತ್ತಾ ಹೋದೆವು. ಅರ್ಧ ಗಂಟೆ ಹಿಡಿಯಿತು. ಆಮೇಲೆ ದಾರ ಮತ್ತು ಮಾರ್ಕಿಂಗ್ ಚಾಕಿನಿಂದ ಪೈಪಿನ ಸುತ್ತ ನೆಲದ ಮೇಲೆ ಒಂದು ವೃತ್ತ. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಾಗ ಇನ್ನೊಂದು. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ ಪಶ್ಚಿಮ. ಮಗನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಇಟ್ಟು ನೋಡಿದಾಗ, ಹೆಚ್ಚಿನ ತಟ್ಟೆಗಳು ದಕ್ಷಿಣದಿಂದ ಪೂರ್ವಕ್ಕೆ ಸುಮಾರು 30 ಡಿಗ್ರಿ ವಾಲಿದ್ದವು. ಇನ್ನೊಂದು ಗುಂಪು 50ಕ್ಕಿಂತ ಜಾಸ್ತಿ.

ಆಮೇಲೆ ಓದಿದೆವು. ಈ ಉಪಗ್ರಹಗಳು ಸಮಭಾಜಕ ವೃತ್ತದ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುತ್ತವೆ. ಅಲ್ಲಿ ಒಂದು ಸುತ್ತಿಗೆ ಭೂಮಿ ತಿರುಗುವಷ್ಟೇ ಹೊತ್ತು ಬೇಕು. ಹಾಗಾಗಿ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತವೆ. ಸಮಭಾಜಕ ವೃತ್ತ ನಮಗೆ ದಕ್ಷಿಣಕ್ಕಿದೆ, ಅದಕ್ಕೇ ನಮ್ಮೂರಿನ ತಟ್ಟೆಗಳೆಲ್ಲ ದಕ್ಷಿಣದ ಕಡೆ ತಿರುಗಿರುವುದು. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಡಿಡಿ ಫ್ರೀ ಡಿಶ್‌ನದ್ದು 93.5ರಲ್ಲಿ. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳು ಲೆಕ್ಕ ಹಾಕಿಕೊಟ್ಟಳು: ಹಾಸನದಿಂದ ಮೊದಲನೆಯದು ದಕ್ಷಿಣದಿಂದ 28 ಡಿಗ್ರಿ ಪೂರ್ವಕ್ಕೆ, ಎರಡನೆಯದು 54 ಡಿಗ್ರಿ. ಬಾಬಿನ್, ದಾರ, ಚಾಕಿನಲ್ಲಿ ನಾವು ಇಷ್ಟು ಹತ್ತಿರ ಬಂದಿದ್ದೆವು. ಅವತ್ತು ಮಗ ಅಜ್ಜಿಯನ್ನು ತಾರಸಿಗೆ ಕರೆದುಕೊಂಡು ಬಂದು, ಯಾರ ಮನೆಯಲ್ಲಿ ಯಾವ ಕಂಪನಿ ಅಂತ ತಟ್ಟೆ ನೋಡಿಯೇ ಹೇಳಿದ.

ಪೈಪನ್ನು ತೆಗೆಯಲಿಲ್ಲ. ದಿನಾ ಮಧ್ಯಾಹ್ನ ನೆರಳು ಎಷ್ಟು ಗಿಡ್ಡ ಆಗುತ್ತದೆ ಅಂತ ಟೇಪು ಹಿಡಿದೆವು. ಏಪ್ರಿಲ್ 14ರಂದು ಆರು ಸೆಂಟಿಮೀಟರ್ ಮತ್ತು ಚೂರು. ದಿನದಿಂದ ದಿನಕ್ಕೆ ಕಮ್ಮಿ. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನೆರಳು ತೀರಾ ಗಿಡ್ಡವಾಗುವುದು 12 ಗಂಟೆಗೆ ಅಲ್ಲ, 12.24ರ ಸುಮಾರಿಗೆ. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಹಾಸನ ಇರುವುದು 76ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ. ಏಪ್ರಿಲ್ 24ಕ್ಕೆ ಪೈಪಿನ ಬುಡದಲ್ಲಿ ನೆರಳೇ ಇರಲಿಲ್ಲ. ಮಗ ಪೈಪಿನ ಪಕ್ಕ ಚಪ್ಪಲಿ ಬಿಟ್ಟು ನಿಂತ. ಬಿಸಿ ನೆಲಕ್ಕೆ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತಾ, "ಅಮ್ಮಾ, ನನ್ನ ನೆರಳು ನನ್ನ ಕಾಲ ಕೆಳಗೇ ಇದೆ" ಅಂದ. ಏಪ್ರಿಲ್ 30ಕ್ಕೆ ನೆರಳು ದಕ್ಷಿಣದ ಕಡೆ ಮೂರು ಸೆಂಟಿಮೀಟರ್ ಚಾಚಿತ್ತು. ಇಷ್ಟು ವರ್ಷ ಇದೇ ತಾರಸಿಯಲ್ಲಿ ಹಪ್ಪಳ ಒಣಗಿಸಿದ್ದೇನೆ. ಮಧ್ಯಾಹ್ನದ ನೆರಳು ದಿಕ್ಕು ಬದಲಿಸುತ್ತದೆ ಅಂತ ಒಮ್ಮೆಯೂ ಗಮನಿಸಿರಲಿಲ್ಲ.

ನಡುವೆ ಏಪ್ರಿಲ್ 26ಕ್ಕೆ ಲೋಕಸಭೆಯ ಓಟು ಬಂತು. ಮಗನ ಪ್ರಶ್ನೆ ಹಿಂದಿನ ರಾತ್ರಿಯೇ ಪುಸ್ತಕಕ್ಕೆ ಏರಿತ್ತು: "ಒತ್ತಿದ್ದು ಸರಿಯಾಗಿ ಬಿತ್ತು ಅಂತ ಅಮ್ಮನಿಗೆ ಹೇಗೆ ಗೊತ್ತಾಗುತ್ತೆ?" ಪಕ್ಕದ ಯಂತ್ರದ ಗಾಜಿನ ಕಿಟಕಿಯಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಂಡು ಆಮೇಲೆ ಪೆಟ್ಟಿಗೆಗೆ ಬೀಳುತ್ತದೆ. ನಾನು ಒಳಗೆ ಮನಸ್ಸಿನಲ್ಲೇ ಎಣಿಸಿದೆ. ಏಳು ಸಾಕಾಗುತ್ತದೆ, ಆದರೆ ಕಣ್ಣು ಅಲ್ಲೇ ಇರಬೇಕು. ಗುಂಡಿ ಒತ್ತಿ ತಿರುಗಿ ನಡೆದರೆ ಚೀಟಿ ತಪ್ಪಿಹೋಗುತ್ತದೆ. ಎಲ್ಲ ಚೀಟಿಗಳನ್ನೂ ಎಣಿಸಿ ತಾಳೆ ನೋಡಬೇಕು ಅನ್ನುವ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅದೇ ದಿನ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಯ ಚೀಟಿ ಎಣಿಸುವ ಪದ್ಧತಿಯೇ ಮುಂದುವರಿಯಿತು. ರಾತ್ರಿ ಊಟದ ಹೊತ್ತಿಗೆ ಇದೇ ಮಾತು. ಐದು ಸಾಕಾ ಅಂತ ಮಗ ಕೇಳಿದ. ಅದು ಟೇಪು ಹಿಡಿದು ಹೇಳುವ ವಿಷಯ ಅಲ್ಲ ಅಂತ ಬರೆದುಕೊಂಡು ಒಂದು ಇಡೀ ಪುಟ ಖಾಲಿ ಬಿಟ್ಟಿದ್ದೇನೆ. ಅವನು ದೊಡ್ಡವನಾದ ಮೇಲೆ ತುಂಬಲಿ.

ಆದರೆ ಬೆರಳಿನ ಶಾಯಿಗೆ ಟೇಪು ಹಿಡಿಯಬಹುದಿತ್ತು. ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ. ಇದು ಮೈಸೂರಿನಲ್ಲಿ ತಯಾರಾಗುವ ಶಾಯಿ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇದನ್ನು ಮಾಡಿಕೊಡುತ್ತಿದೆ. ಅತ್ತೆಯ ತವರು ಚಿಕ್ಕಮಗಳೂರು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಅಲ್ಲಿ ನಿಂತು ಗೆದ್ದಾಗ ಅವರೂ ಓಟು ಹಾಕಿದ್ದರು. ಆಗಲೂ ಇದೇ ಕಪ್ಪು, ಅಡಿಗೆ ಮಾಡುವಾಗ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ ಅಂದರು.

ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದ ಹಾಗೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಚರ್ಮ ದಿನಾ ಚೂರು ಚೂರು ಉದುರುವುದರಿಂದ ಅಲ್ಲಿನ ಕಲೆ ಎರಡು ಮೂರು ವಾರಕ್ಕೆ ಹೋಯಿತು. ಉಗುರಿನದ್ದು ಹೋಗಲ್ಲ, ಬೆಳೆದು ಮುಂದೆ ಸಾಗಬೇಕು ಅಷ್ಟೆ. ಅಂದರೆ ಉಗುರಿನ ಮೇಲಿನ ಕಪ್ಪು ಗೆರೆ ಒಂದು ಗಡಿಯಾರ. ನನಗೆ ಈ ಯೋಚನೆ ಹೊಳೆದದ್ದು ಮೇ ತಿಂಗಳ ಮೊದಲ ವಾರ, ಸೂಜಿಗೆ ದಾರ ಪೋಣಿಸುವಾಗ. ಉಗುರಿನ ಬುಡದಲ್ಲಿ ಕೂದಲೆಳೆಯಷ್ಟು ಬಿಳಿ ಜಾಗ ಕಾಣಿಸಿತ್ತು.

ಅವತ್ತಿಂದ ಭಾನುವಾರ ಬೆಳಗ್ಗೆ ಕಿಟಕಿ ಹತ್ತಿರ ಕೂತು ಅಳತೆ. ಮಗ ಅಳೆಯುವವನು, ನಾನು ಮತ್ತು ಅತ್ತೆ ಕೈ ಕೊಡುವವರು. ಪಾರದರ್ಶಕ ಸ್ಕೇಲು ಇಟ್ಟು, ಬುಡದ ಚರ್ಮದಿಂದ ಕಪ್ಪು ಶುರುವಾಗುವ ಜಾಗದವರೆಗೆ. ಅತ್ತೆಯ ಕೈ ಸ್ವಲ್ಪ ನಡುಗುತ್ತದೆ. ಮಗ ಎಡಗೈಯಲ್ಲಿ ಅವರ ಬೆರಳನ್ನು ಮೇಜಿಗೆ ಒತ್ತಿ ಹಿಡಿದು, ಅವರದೇ ಕನ್ನಡಕವನ್ನು ಸ್ಕೇಲಿನ ಮೇಲೆ ಹಿಡಿದು ಓದುತ್ತಿದ್ದ. ಒಂದು ತಿಂಗಳಿಗೆ ನನ್ನದು ಮೂರು ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ, ಅತ್ತೆಯದು ಎರಡೂವರೆ. ಊಹೆಯ ಸಾಲಿನಲ್ಲಿ ಮೂವರೂ "ಇಬ್ಬರದೂ ಸಮ" ಅಂತ ಬರೆದಿದ್ದೆವು. ವಯಸ್ಸಾದ ಹಾಗೆ ಉಗುರು ನಿಧಾನ ಬೆಳೆಯುತ್ತದೆ ಅಂತ ಆಮೇಲೆ ಓದಿದೆವು. ಅತ್ತೆ ಕೇಳಿ, "ಹಂಗಾದ್ರೆ ನಂದು ಜಾಸ್ತಿ ದಿನ ಉಳಿಯುತ್ತೆ" ಅಂದರು.

ಜುಲೈನಲ್ಲಿ ಮಳೆ ಹಿಡಿದು ಮನೆ ಹಿಂದಿನ ಖಾಲಿ ಸೈಟಿನಲ್ಲಿ ಹುಲ್ಲು ಎದ್ದಿತು. ನಾಯಿಗೆ ಬಣ್ಣ ಕಾಣಲ್ಲ, ಕಪ್ಪು ಬಿಳುಪು ಮಾತ್ರ ಅಂತ ಮಗನ ಗೆಳೆಯ ಹೇಳಿದ್ದ. ಒಂದು ಕೆಂಪು ಚೆಂಡು, ಒಂದು ನೀಲಿ ಚೆಂಡು ತಂದೆವು. ಮೊದಲ ದಿನ ಕೆಂಚ ಕೆಂಪು ಚೆಂಡಿಗೇ ನೇರ ಓಡಿದ. ಯಾಕೆ ಅಂತ ಎರಡನ್ನೂ ಮೂಸಿ ನೋಡಿದಾಗ ಗೊತ್ತಾಯಿತು. ಕೆಂಪು ಚೆಂಡಿನಲ್ಲಿ ಹೊಸ ರಬ್ಬರಿನ ವಾಸನೆ ಜೋರಾಗಿತ್ತು. ಎರಡನ್ನೂ ಸೋಪಿನಲ್ಲಿ ತೊಳೆದು, ಒಂದೇ ಹಳೇ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಇಟ್ಟೆವು. ಆಮೇಲೆ ಅವನನ್ನು ಒಳಗೆ ಕಟ್ಟಿ, ಹತ್ತು ಹೆಜ್ಜೆ ದೂರದಲ್ಲಿ ಒಂದು ಸಲಕ್ಕೆ ಒಂದು ಚೆಂಡು ಇಟ್ಟು ಬಿಡುತ್ತಿದ್ದೆವು. ದಿನಾ ನಾಲ್ಕು ಸಲ, ಜಾಗ ಬದಲಿಸಿ. ಒಂದೊಂದು ಚೆಂಡಿಗೂ 20 ಸಲ. ಅದರಲ್ಲಿ ನೀಲಿ ಚೆಂಡಿಗೆ 17 ಸಲ ನೇರ ಹೋದ. ಕೆಂಪಿಗೆ 8 ಸಲ. ಉಳಿದ ಸಲವೆಲ್ಲ ಪಕ್ಕದಲ್ಲೇ ದಾಟಿಹೋಗಿ, ತಿರುಗಿ ಮೂಗು ನೆಲಕ್ಕೆ ಹಾಕಿ ಹುಡುಕಿದ.

ನಾಯಿಗೆ ಬಣ್ಣ ಕಾಣುತ್ತದೆ, ನಮ್ಮಷ್ಟು ಇಲ್ಲ. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಲ್ಲಿ ಮೂರು ಬಗೆ, ನಾಯಿಗೆ ಎರಡೇ ಬಗೆ. ನೀಲಿ, ಹಳದಿ ಚೆನ್ನಾಗಿ ತಿಳಿಯುತ್ತವೆ. ಕೆಂಪು ಮತ್ತು ಹಸಿರು ಒಂದರೊಳಗೊಂದು ಬೆರೆತುಹೋಗುತ್ತವೆ. ಹಸಿರು ಹುಲ್ಲಿನ ಮೇಲೆ ಕೆಂಪು ಚೆಂಡು ನಮಗೆ ಎದ್ದು ಕಾಣುತ್ತದೆ, ಅವನಿಗೆ ಅಡಗಿ ಕೂತಿರುತ್ತದೆ. ಈಗ ಕೆಂಚನ ಆಟಕ್ಕೆ ನೀಲಿ ಚೆಂಡೇ. ಕೊರಳ ಪಟ್ಟಿ ಮಾತ್ರ ಕೆಂಪು, ಅದು ರಸ್ತೆಯಲ್ಲಿ ಗಾಡಿಯವರಿಗೆ ಕಾಣಲಿ ಅಂತ ನಾನೇ ಹೊಲಿದದ್ದು.

ನನ್ನ ಉಗುರಿನ ಕೊನೆಯ ಕಪ್ಪು ಆಗಸ್ಟ್ ಮೂರನೇ ವಾರ ನೈಲ್ ಕಟರಿಗೆ ಸಿಕ್ಕಿತು. ಅತ್ತೆಯದು ಗಣೇಶನ ಹಬ್ಬ ಕಳೆದು ಮುಂದಿನ ವಾರ. ಹಬ್ಬದ ಬ್ಲೌಸುಗಳ ರಾಶಿ ಮುಗಿಸಿ ನಾನು ಕಸ ಗುಡಿಸುತ್ತಿದ್ದೆ. ಅತ್ತೆ ಕರೆದು, ಅಂಗೈಯಲ್ಲಿ ಆ ಅರ್ಧಚಂದ್ರದಂಥ ಚೂರು ತೋರಿಸಿದರು. ಮಗ ಸೆಲ್ಲೋಟೇಪು ತಂದು ಅದನ್ನು ಅಳತೆ ಪುಸ್ತಕದಲ್ಲಿ ನನ್ನ ಚೂರಿನ ಪಕ್ಕ ಅಂಟಿಸಿದ. ಕೆಳಗೆ ಎರಡು ತಾರೀಖು ಬರೆದು, ನಡುವಿನ ದಿನಗಳನ್ನು ಬೆರಳು ಮಡಚಿ ಎಣಿಸಲು ಕೂತ.