ಒಟ್ಟಿದ ದಿನ ಸೌದೆ ನೆಟ್ಟಗೇ ಇತ್ತು

ನಾನು ಮೊದಲ ಸಲ ಸೌದೆ ಪೇರಿಸಿದಾಗ ಸಾಲು ಗೋಡೆಯ ಹಾಗೆ ನೆಟ್ಟಗಿತ್ತು. ಎದೆಮಟ್ಟ ಎತ್ತರ, ಹನ್ನೆರಡು ಅಡಿ ಉದ್ದ. ಎರಡು ತಿಂಗಳು ಒಂದು ಚೂರೂ ಅಲುಗಲಿಲ್ಲ. ಮೂರನೇ ತಿಂಗಳು ಸ್ವಲ್ಪ ಮುಂದಕ್ಕೆ ಬಾಗಿದ ಹಾಗೆ ಕಾಣಿಸಿತು. ಆಮೇಲೆ ನೋಡಿದರಾಯಿತು ಅಂತ ಬಿಟ್ಟೆ. ಒಂದು ರಾತ್ರಿ ದಡದಡ ಸದ್ದಾಯಿತು. ಟಾರ್ಚ್ ಹಿಡಿದು ಹೋಗಿ ನೋಡಿದರೆ ಅರ್ಧ ಸಾಲು ನೆಲದ ಮೇಲಿತ್ತು. ಅಮ್ಮ ದಿನಾ ಬೆಳಿಗ್ಗೆ ಬಗ್ಗಿ ಸೌದೆ ತೆಗೆಯುತ್ತಿದ್ದ ಜಾಗದಲ್ಲೇ ತೊಡೆ ದಪ್ಪದ ಸೀಳುಗಳು ಬಿದ್ದಿದ್ದವು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎತ್ತಿಡುವ ಮೊದಲು ಅದು ಬಿದ್ದ ರೀತಿಯನ್ನು ಸರಿಯಾಗಿ ನೋಡಿದೆ. ರಾತ್ರಿ ಗಾಳಿ ಇರಲಿಲ್ಲ. ತಳ ಕುಸಿದಿರಲಿಲ್ಲ, ಕೆಳಗಿನ ಎರಡು ವರಸೆ ಇಟ್ಟ ಹಾಗೇ ಇದ್ದವು. ಬಿದ್ದ ಸೀಳುಗಳೆಲ್ಲ ಒಂದೇ ಕಡೆ ಚೆಲ್ಲಿದ್ದವು, ಮಧ್ಯಾಹ್ನದ ಬಿಸಿಲು ಬೀಳುವ ಕಡೆ. ಯಾರೂ ಮುಟ್ಟದ ಸಾಲು ಬಿಸಿಲಿನ ಕಡೆಗೇ ಯಾಕೆ ವಾಲಬೇಕು?

ಮುಂದಿನ ಸಾಲು ಒಟ್ಟಿದಾಗ ಅದಕ್ಕೊಂದು ತೂಗುಗುಂಡು ಕಟ್ಟಿದೆ. ದಾರದ ತುದಿಗೆ ಒಂದು ಕಲ್ಲು, ಅಷ್ಟೇ. ಮೇಲಿನ ವರಸೆಯಿಂದ ಇಳಿಬಿಟ್ಟು, ಕಲ್ಲು ನಿಂತ ಜಾಗದಲ್ಲಿ ನೆಲಕ್ಕೆ ಗೂಟ ಹೊಡೆದೆ. ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಮೊದಲ ಆರೇಳು ವಾರ ಕಲ್ಲು ಗೂಟದ ನೆತ್ತಿಯಿಂದ ಕದಲಲಿಲ್ಲ. ಆಮೇಲೆ ಬಿಸಿಲಿನ ಕಡೆಗೆ ಸರಿಯತೊಡಗಿತು. ಎರಡು ತಿಂಗಳಲ್ಲಿ ಮೂರು ಬೆರಳಿನಷ್ಟು ಸರಿದಿತ್ತು. ಸಾಲಿನ ಎತ್ತರವೂ ಇಳಿದಿತ್ತು. ನೆರಳಿನ ಕಡೆ ಒಂದು ಬೆರಳು, ಬಿಸಿಲಿನ ಕಡೆ ಎರಡು ಬೆರಳಿಗಿಂತ ಜಾಸ್ತಿ.

ವಿಷಯ ಇಷ್ಟು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಮರದ ಸಣ್ಣ ಸಣ್ಣ ಕೋಶಗಳ ಒಳಗೆ ನಿಂತ ನೀರು ಒಂದು, ಕೋಶದ ಗೋಡೆಯೇ ಹೀರಿಕೊಂಡ ನೀರು ಇನ್ನೊಂದು. ಮೊದಲು ಹೋಗುವುದು ಒಳಗೆ ನಿಂತ ನೀರು. ಆಗ ಸೌದೆ ಹಗುರ ಆಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವ ಸುಮಾರು ಶೇ. 30ಕ್ಕಿಂತ ಕೆಳಗೆ ಇಳಿದ ಮೇಲೆ ಗೋಡೆಯ ನೀರು ಹೋಗಲು ಶುರುವಾಗುತ್ತದೆ. ಕುಗ್ಗುವುದು ಆಗಲೇ. ಅದಕ್ಕೇ ಎರಡು ತಿಂಗಳು ಗಟ್ಟಿಯಾಗಿ ನಿಂತ ಸಾಲು ಮೂರನೇ ತಿಂಗಳು ವಾಲುತ್ತದೆ.

ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ. ಅಡ್ಡಕ್ಕೆ ಜಾಸ್ತಿ. ಅದರಲ್ಲೂ ಮರದ ಉಂಗುರಗಳ ಸುತ್ತ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಾಗಾಗಿ ಒಟ್ಟಿದ ದಿನ ಬಿಗಿಯಾಗಿ ಕೂತ ಸೀಳಿನ ಆಕಾರವೇ ಬದಲಾಗಿ, ಪಕ್ಕದ್ದರ ಜೊತೆ ಹಿಡಿತ ಸಡಿಲವಾಗುತ್ತದೆ. ನೀರು ಹೆಚ್ಚಾಗಿ ಹೋಗುವುದು ಕತ್ತರಿಸಿದ ತುದಿಗಳಿಂದ. ಒಂದು ತುದಿ ಬಿಸಿಲಿಗೆ, ಇನ್ನೊಂದು ನೆರಳಿಗೆ ಇದ್ದರೆ ಬಿಸಿಲಿನ ತುದಿ ಮೊದಲು ತೆಳ್ಳಗಾಗುತ್ತದೆ. ಒಂದೊಂದು ಸೀಳಿನಲ್ಲಿ ಕೂದಲೆಳೆಯಷ್ಟೇ ಇರಬಹುದು. ಹದಿನೈದು ವರಸೆ ಸೇರಿದರೆ ಸಾಲೇ ಬಾಗುತ್ತದೆ.

ಇದು ಗೊತ್ತಾದ ಮೇಲೆ ನಾನು ಒಟ್ಟುವ ರೀತಿ ಬದಲಾಯಿತು. ಇವತ್ತು ನೆಟ್ಟಗೆ ಕಾಣಬೇಕು ಅನ್ನುವುದಕ್ಕಿಂತ, ನಾಲ್ಕು ತಿಂಗಳ ಮೇಲೆ ಕುಗ್ಗಿದಾಗಲೂ ನಿಲ್ಲಬೇಕು ಅಂತ ಯೋಚಿಸಿ ಇಡುತ್ತೇನೆ.

ಮೊದಲು ದಿಕ್ಕು. ಸಾಲಿನ ಉದ್ದ ಉತ್ತರ ದಕ್ಷಿಣವಾಗಿ ಹೋಗುವ ಹಾಗೆ ಹಾಕುತ್ತೇನೆ. ಆಗ ಸೀಳುಗಳ ಒಂದು ತುದಿಗೆ ಬೆಳಗಿನ ಬಿಸಿಲು, ಇನ್ನೊಂದಕ್ಕೆ ಸಂಜೆಯ ಬಿಸಿಲು ಸಿಗುತ್ತದೆ. ಎರಡೂ ತುದಿ ಹೆಚ್ಚುಕಮ್ಮಿ ಒಟ್ಟಿಗೇ ಒಣಗುತ್ತವೆ. ಮನೆ ಗೋಡೆಗೆ ಆನಿಸಿ ಒಟ್ಟುವುದನ್ನು ಪೂರ್ತಿ ಬಿಟ್ಟಿದ್ದೇನೆ. ಗೋಡೆಯ ಕಡೆ ಗಾಳಿ ಆಡುವುದಿಲ್ಲ, ಆ ತುದಿ ಹಸಿಯಾಗೇ ಉಳಿದು ಸಾಲು ಹೊರಗೆ ವಾಲುತ್ತದೆ. ಗೆದ್ದಲಿಗೆ ಮನೆಯೊಳಗೆ ದಾರಿ ಮಾಡಿಕೊಟ್ಟ ಹಾಗೂ ಆಗುತ್ತದೆ.

ತಳಕ್ಕೆ ಎರಡು ಉದ್ದದ ಕಂಬಗಳನ್ನು ಕಲ್ಲಿನ ಮೇಲೆ ಮಲಗಿಸುತ್ತೇನೆ. ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು. ಆದರೆ ಎರಡೂ ಕಂಬ ಒಂದೇ ಮಟ್ಟದಲ್ಲಿರಲೇಬೇಕು. ತಳದಲ್ಲಿ ಅರ್ಧ ಬೆರಳು ತಪ್ಪಿದರೆ ತಲೆಯಲ್ಲಿ ಎರಡು ಬೆರಳು ತಪ್ಪುತ್ತದೆ. ಒಂದು ವರ್ಷ ಮೆತ್ತನೆ ಮಣ್ಣಿನ ಮೇಲೆ ಹಾಗೇ ಕಲ್ಲಿಟ್ಟು, ಮಳೆ ಬಂದು ಒಂದು ಮೂಲೆ ಇಳಿದು, ಇಡೀ ಸಾಲು ಬಿಚ್ಚಬೇಕಾಯಿತು. ಈಗ ಜಲ್ಲಿ ಹಾಕಿ ದಮ್ಮಸು ಮಾಡಿಯೇ ಕಲ್ಲು ಇಡುತ್ತೇನೆ.

ಸಾಲಿನ ಎರಡು ತುದಿಗಳೇ ಜೀವಾಳ. ಅಲ್ಲಿ ಸೀಳುಗಳನ್ನು ಚೌಕವಾಗಿ ಕಟ್ಟುತ್ತೇನೆ: ಒಂದು ವರಸೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಈ ಮೂಲೆಕಂಬಕ್ಕೆ ಒಳ್ಳೊಳ್ಳೆ ಸೀಳುಗಳನ್ನು ಮೊದಲೇ ಆರಿಸಿ ಬೇರೆ ಇಡಬೇಕು. ಚಪ್ಪಟೆಯಾಗಿರಬೇಕು, ಎರಡೂ ತುದಿ ಒಂದೇ ದಪ್ಪ ಇರಬೇಕು. ಹೋದ ವರ್ಷದ ಒಣ ಸೌದೆ ಉಳಿದಿದ್ದರೆ ಅದನ್ನೇ ಇಲ್ಲಿ ಹಾಕುತ್ತೇನೆ. ಅದು ಕುಗ್ಗುವಷ್ಟು ಕುಗ್ಗಿ ಆಗಿದೆ, ಇನ್ನು ಮೋಸ ಮಾಡುವುದಿಲ್ಲ. ಇಟ್ಟ ಒಂದೊಂದನ್ನೂ ಅಂಗೈಯಲ್ಲಿ ಒತ್ತಿ ನೋಡುತ್ತೇನೆ. ಕುಲುಕಿದರೆ ತೆಗೆದು ಬೇರೆಯದು ಹಾಕುತ್ತೇನೆ. ಕೆಲವರು ಸಂದಿಗೆ ಚಕ್ಕೆ ತುರುಕಿ ನಿಲ್ಲಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಚಕ್ಕೆ ಬೇಗ ಒಣಗಿ ಜಾರುತ್ತದೆ, ಆಗ ಅದರ ಮೇಲಿನದಕ್ಕೆ ಆಸರೆಯೇ ಇರುವುದಿಲ್ಲ.

ನಡುವಿನ ಭಾಗಕ್ಕೆ ಇಷ್ಟು ಕಷ್ಟ ಇಲ್ಲ, ಆದರೆ ಗಮನ ಬೇಕು. ಸೀಳುಗಳಿಗೆ ಸಾಮಾನ್ಯವಾಗಿ ಒಂದು ತುದಿ ದಪ್ಪ ಇರುತ್ತದೆ. ದಪ್ಪ ತುದಿಗಳೆಲ್ಲ ಒಂದೇ ಕಡೆ ಬಂದರೆ ಬಿಸಿಲೇ ಬೇಡ, ಇಡುವಾಗಲೇ ಸಾಲು ವಾಲುತ್ತದೆ. ಒಂದರ ದಪ್ಪ ತುದಿ ಈಚೆಗಾದರೆ ಪಕ್ಕದ್ದರದು ಆಚೆಗೆ. ಇಟ್ಟಿಗೆ ಕಟ್ಟುವವರು ಸಂದಿಯ ಮೇಲೆ ಸಂದಿ ಬರದ ಹಾಗೆ ನೋಡಿಕೊಳ್ಳುತ್ತಾರಲ್ವಾ, ಇಲ್ಲೂ ಹಾಗೇ. ಕೆಳಗಿನ ಎರಡರ ನಡುವಿನ ತಗ್ಗಿನಲ್ಲಿ ಮೇಲಿನದು ಕೂರಬೇಕು. ದುಂಡು ಕೊಂಬೆಗಳನ್ನು ಸೀಳಿಯೇ ಹಾಕುತ್ತೇನೆ, ದುಂಡಗಿದ್ದದ್ದು ಉರುಳುತ್ತದೆ. ಗಂಟಿರುವ, ಸೊಟ್ಟ ಸೀಳುಗಳಿಗೆ ಸಾಲಿನಲ್ಲಿ ಜಾಗ ಇಲ್ಲ. ಅವನ್ನು ಸುಮ್ನೆ ಒಂದು ಪಕ್ಕಕ್ಕೆ ಗುಡ್ಡೆ ಹಾಕುತ್ತೇನೆ.

ಸೌದೆ ಜಾಸ್ತಿ ಇದ್ದಾಗ ಒಂದೇ ಸಾಲನ್ನು ಎತ್ತರ ಮಾಡುವ ಬದಲು ಎರಡು ಸಾಲು ಹಾಕುತ್ತೇನೆ. ನಡುವೆ ಗಾಳಿ ಆಡಲು ಒಂದು ಗೇಣು ಜಾಗ ಬಿಟ್ಟು, ಎರಡೂ ಸಾಲು ಒಂದಕ್ಕೊಂದು ಸ್ವಲ್ಪ ಒಳಬಾಗುವ ಹಾಗೆ ಇಡುತ್ತೇನೆ. ಮೊಣಕಾಲಿನ ಎತ್ತರಕ್ಕೊಮ್ಮೆ, ಸೊಂಟದ ಎತ್ತರಕ್ಕೊಮ್ಮೆ ಉದ್ದದ ಗಳುಗಳನ್ನು ಎರಡೂ ಸಾಲಿಗೆ ಅಡ್ಡ ಹಾಕಿ, ಅದರ ಮೇಲೆ ಒಟ್ಟುತ್ತಾ ಹೋಗುತ್ತೇನೆ. ಮೇಲಿನ ಭಾರ ಗಳುವನ್ನು ಒತ್ತಿ ಹಿಡಿಯುತ್ತದೆ. ಒಂದು ಸಾಲು ವಾಲಲು ಹೊರಟರೆ ಇನ್ನೊಂದು ಎಳೆದು ನಿಲ್ಲಿಸುತ್ತದೆ. ಹೀಗೆ ಕಟ್ಟಿದ ಮೇಲೆ ನನ್ನ ಯಾವ ಜೋಡಿ ಸಾಲೂ ಬಿದ್ದಿಲ್ಲ. ಒಂಟಿ ಸಾಲಾದರೆ ನಾಲ್ಕು ಅಡಿಗೆ ನಿಲ್ಲಿಸುತ್ತೇನೆ.

ವಾಲಿದ ಸಾಲಿಗೆ ಹೊರಗಿನಿಂದ ಊರೆಗೋಲು ಕೊಡುವುದನ್ನೂ ಮಾಡಿ ನೋಡಿದ್ದೇನೆ. ಕೋಲು ತಾಗಿದ ಕಡೆ ಮಾತ್ರ ನಿಲ್ಲುತ್ತದೆ, ಅದರ ಅಕ್ಕಪಕ್ಕ ಉಬ್ಬುತ್ತದೆ. ಬಿಚ್ಚಿ ಕಟ್ಟುವವರೆಗೆ ಒಂದೆರಡು ದಿನಕ್ಕೆ ಸರಿ, ಅಷ್ಟೇ. ತೂಗುಗುಂಡು ಎರಡು ಬೆರಳು ಸರಿದರೆ ನಾನು ಕಾಯುವುದಿಲ್ಲ. ಮೇಲಿನ ಅರ್ಧ ಇಳಿಸಿ ಮತ್ತೆ ಒಟ್ಟುತ್ತೇನೆ. ಅರ್ಧ ದಿನದ ಕೆಲಸ.

ಮೇಲೆ ತಗಡು ಹೊದಿಸಿ ಕಲ್ಲು ಹೇರುತ್ತೇನೆ. ಪಕ್ಕಗಳನ್ನು ಮುಚ್ಚುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೆ ಇಳಿಬಿಟ್ಟರೆ ಒಳಗಿನ ಆವಿ ಹೊರಗೆ ಹೋಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಒಣಗಿತಾ ಅಂತ ನೋಡಲು ಎರಡು ಸೀಳನ್ನು ಒಂದಕ್ಕೊಂದು ಬಡಿಯುತ್ತೇನೆ. ಟಣ್ ಅಂದರೆ ಒಣಗಿದೆ, ದಪ್ ಅಂದರೆ ಇನ್ನೂ ಹಸಿ. ತೇವ ಅಳೆಯುವ ಮೀಟರ್ ಇದ್ದರೆ ಒಂದು ಸೀಳನ್ನು ಆಗಷ್ಟೇ ಒಡೆದು ಒಳಮೈಗೆ ಇಟ್ಟು ನೋಡಬೇಕು. ಶೇ. 20ಕ್ಕಿಂತ ಕಡಿಮೆ ಬಂದರೆ ಒಲೆಗೆ ಹಾಕಬಹುದು.

ಸೌದೆ ತೆಗೆಯುವಾಗಲೂ ಸಾಲು ಬೀಳಬಹುದು. ಕೈಗೆ ಸಿಕ್ಕಿತು ಅಂತ ನಡುವಿನಿಂದ ಎಳೆಯುವುದು, ತುದಿಯ ಚೌಕ ಬಿಚ್ಚಿ ಅಲ್ಲಿಂದ ಶುರು ಮಾಡುವುದು, ಎರಡೂ ಅಪಾಯ. ನಮ್ಮಲ್ಲಿ ಈಗ ಮೇಲಿನಿಂದಲೇ, ಉದ್ದಕ್ಕೂ ಒಂದೊಂದೇ ವರಸೆ ತೆಗೆಯುತ್ತೇವೆ. ಅಮ್ಮನ ಕೈಗೆ ಎತ್ತರ ಆಗುತ್ತದೆ ಅಂತ ವಾರಕ್ಕೆ ಬೇಕಾದಷ್ಟನ್ನು ನಾನೇ ಇಳಿಸಿ ಒಲೆಯ ಹತ್ತಿರ ಇಟ್ಟಿರುತ್ತೇನೆ. ಸಾಲು ಪೂರ್ತಿ ಮುಗಿದ ಮೇಲೆ ತಳದ ಕಂಬಗಳನ್ನು ಮಗುಚಿ ಒಂದು ವಾರ ಬಿಸಿಲಿಗೆ ಬಿಡುತ್ತೇನೆ. ಕತ್ತಿಯ ಮೊನೆಯಿಂದ ಚುಚ್ಚಿ ನೋಡಿ, ಮೆತ್ತಗಾದದ್ದನ್ನು ಬದಲಿಸಿದ ಮೇಲೆಯೇ ಮುಂದಿನ ಸಾಲು.