ನಟರ ವಿಕಿ ಪುಟಕ್ಕೆ ಉಲ್ಲೇಖ ಹಾಕುವ ಮುಂಚೆ

ಕನ್ನಡ ವಿಕಿಪೀಡಿಯಕ್ಕೆ ಬಂದವರು ಮೊದಲು ತಮ್ಮ ಊರಿನ ಪುಟಕ್ಕೆ ಕೈ ಹಾಕುತ್ತಾರೆ, ಆಮೇಲೆ ಮೆಚ್ಚಿನ ನಟನ ಪುಟಕ್ಕೆ. ನಾನೂ ಹಾಗೇ ಶುರು ಮಾಡಿದೆ. ಒಬ್ಬ ಪೋಷಕ ನಟರ ಪುಟಕ್ಕೆ ಯಾವುದೋ ಫ್ಯಾನ್ ಪೇಜಿನಲ್ಲಿ ಕಂಡ ಹುಟ್ಟಿದ ವರ್ಷ ಸೇರಿಸಿ ಸುಮ್ಮನಾದೆ. ಎರಡು ವರ್ಷ ಬಿಟ್ಟು ಯಾರೋ ಅದನ್ನು ಪ್ರಶ್ನೆ ಮಾಡಿದರು. ಹುಡುಕಿದರೆ ಒಂದು ಪತ್ರಿಕೆಯ ಹುಟ್ಟುಹಬ್ಬದ ಸುದ್ದಿಯಲ್ಲಿ ಅದೇ ವರ್ಷ! ಗೆದ್ದೆ ಅಂದುಕೊಂಡು ಲಿಂಕ್ ಅಂಟಿಸಿದೆ. ನಿಧಾನವಾಗಿ ಓದಿದಾಗ ಗೊತ್ತಾಯಿತು, ಅವರ ಊರಿನ ಹೆಸರಲ್ಲಿ ನಾನು ಮಾಡಿದ್ದ ಕಾಗುಣಿತದ ತಪ್ಪೂ ಅಲ್ಲಿ ಹಾಗೇ ಇತ್ತು. ಪತ್ರಿಕೆಯವರು ನಕಲು ಹೊಡೆದದ್ದು ನನ್ನಿಂದ, ನಾನು ಸಾಕ್ಷಿಗೆ ಕರೆದದ್ದು ಅವರನ್ನು.

ಆದ್ದರಿಂದ ಮೊದಲು ಪುಟದ 'ಇತಿಹಾಸ' ತೆರೆಯಿರಿ, ಯಾರು ಯಾವಾಗ ಏನು ಬದಲಿಸಿದರು ಅನ್ನುವ ಪಟ್ಟಿ ಅದು. ಆ ಮಾಹಿತಿ ಯಾವ ದಿನ ಸೇರಿತು ನೋಡಿ. ನಿಮ್ಮ ಮೂಲ ಅದಕ್ಕಿಂತ ಹಳೆಯದಾಗಿದ್ದರೆ ಒಳ್ಳೆಯದು. ಹೊಸದಾಗಿದ್ದರೆ ಅನುಮಾನ ಪಡಿ, ಅದರಲ್ಲೂ ವಾಕ್ಯದ ಜೋಡಣೆ ಪುಟದ್ದೇ ಆಗಿದ್ದರೆ. ಒಂದೇ ಸಂಗತಿಗೆ ಐದು ವೆಬ್‌ಸೈಟ್ ಸಿಕ್ಕವು ಅಂತ ಹಿಗ್ಗಬೇಡಿ, ಐದೂ ಒಂದೇ ಬಾವಿಯ ನೀರಿರಬಹುದು.

ಇನ್ನು ಮೂಲ ಏನು ಹೇಳುತ್ತದೋ ಅಷ್ಟೇ ಬರೆಯಬೇಕು. ಇದು ಕೇಳಲು ಸುಲಭ. ರಾಜ್‌ಕುಮಾರ್ ಅವರನ್ನೇ ತಗೊಳ್ಳಿ. 1929ರಲ್ಲಿ ಹುಟ್ಟಿದರು, ಊರು ಗಾಜನೂರು, ಎಲ್ಲರಿಗೂ ಗೊತ್ತು ಅಲ್ವಾ? ಆದರೆ ಆ ಹೆಸರಿನಿಂದ ಊರಿನ ವಿಕಿ ಪುಟಕ್ಕೆ ಲಿಂಕ್ ಕೊಡುವಾಗ ಎಡವುವುದು ಸುಲಭ, ಯಾಕೆಂದರೆ ಶಿವಮೊಗ್ಗದ ಹತ್ತಿರ ತುಂಗಾ ಅಣೆಕಟ್ಟು ಇರುವ ಊರೂ ಗಾಜನೂರೇ. ಅಣ್ಣಾವ್ರ ಗಾಜನೂರು ತಾಳವಾಡಿ ಕಡೆಯದು, ಈಗ ತಮಿಳುನಾಡಿನ ಈರೋಡ್ ಜಿಲ್ಲೆ. ಹಾಗಂತ 'ಈರೋಡ್ ಜಿಲ್ಲೆಯಲ್ಲಿ ಜನಿಸಿದರು' ಅಂತ ಬರೆದರೂ ತಪ್ಪೇ, 1929ರಲ್ಲಿ ಆ ಜಿಲ್ಲೆಯೇ ಇರಲಿಲ್ಲ. ಆಗ ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಒಂದು ಸಾಲಿನಲ್ಲಿ ಇಷ್ಟೆಲ್ಲ ಇರುತ್ತದೆ, ನಾವು ಮಾತ್ರ ಸಾಲಿನ ಕೊನೆಗೆ ಒಂದು ಉಲ್ಲೇಖ ಹಾಕಿ ಮುಂದೆ ಹೋಗಿರುತ್ತೇವೆ.

ಪ್ರಶಸ್ತಿಯ ವರ್ಷದಲ್ಲೂ ಇದೇ ಕಥೆ. 'ಬೆಟ್ಟದ ಹೂವು' ಚಿತ್ರಕ್ಕೆ ಪುನೀತ್ ಪಡೆದ ಬಾಲನಟ ಪ್ರಶಸ್ತಿ 1985ರ ಸಾಲಿನದು, ಪ್ರದಾನ ಆಗಿದ್ದು 1986ರಲ್ಲಿ. ಎರಡು ವರ್ಷ ಕಂಡವರು ಒಂದನ್ನು 'ಸರಿ' ಮಾಡಿ ಹೋಗುತ್ತಾರೆ, ಮರುದಿನ ಇನ್ನೊಬ್ಬರು ವಾಪಸ್ ಮಾಡುತ್ತಾರೆ. 'ಸಾಲಿನ' ಅನ್ನುವ ಒಂದು ಪದ ಹಾಕಿದರೆ ಜಗಳ ಮುಗಿಯಿತು. ರಾಷ್ಟ್ರೀಯ ಪ್ರಶಸ್ತಿಗಳಿಗೆ ಆಯಾ ವರ್ಷದ ಅಧಿಕೃತ ಕೈಪಿಡಿಗಳಿವೆ, ಹೆಸರು, ಸಾಲು ಎರಡೂ ಅದರಲ್ಲೇ ಸಿಗುತ್ತವೆ. ಅದಿರುವಾಗ 'ಟಾಪ್ 10 ನಟರು' ಲೇಖನ ಯಾಕೆ ಬೇಕು?

ಸಿನಿಮಾ ಮಾಹಿತಿಯ ವೆಬ್‌ಸೈಟ್ ಐಎಂಡಿಬಿ ಬೇಡ, ಅದಕ್ಕೂ ನಮ್ಮಂಥವರೇ ಮಾಹಿತಿ ತುಂಬುವುದು. ಇಂಗ್ಲಿಷ್ ವಿಕಿಪೀಡಿಯ ಕೂಡ ಮೂಲವಲ್ಲ. ಅಲ್ಲಿಂದ ಅನುವಾದ ಮಾಡುವಾಗ ಉಲ್ಲೇಖಗಳನ್ನು ಹಾಗೇ ಎತ್ತಿಕೊಂಡು ಬರಬೇಡಿ, ಒಂದೊಂದೂ ತೆರೆದು ನೋಡಿ. ಅರ್ಧ ಲಿಂಕ್ ಸತ್ತಿರುತ್ತವೆ, ಉಳಿದದ್ದರಲ್ಲಿ ಕೆಲವು ಬೇರೇನೋ ಹೇಳುತ್ತಿರುತ್ತವೆ. ಯಾರು ಯಾವ ಪಾತ್ರ ಮಾಡಿದರು ಅನ್ನುವುದಕ್ಕೆ ಸಿನಿಮಾದ ಟೈಟಲ್ ಕಾರ್ಡೇ ಸಾಕು. ಗಳಿಕೆಗೆ ಮಾತ್ರ ಪೋಸ್ಟರ್ ಸಾಲದು. '100 ಕೋಟಿ ಗಳಿಸಿತು' ಬೇಡ, 'ನಿರ್ಮಾಪಕರ ಪ್ರಕಾರ' ಅಂತ ಸೇರಿಸಿ, ಇಲ್ಲವೇ ಬಿಡಿ.

ಹಳೆಯ ನಟರಿಗೆ ಆನ್‌ಲೈನ್‌ನಲ್ಲಿ ಏನೂ ಸಿಗುವುದಿಲ್ಲ ಅನ್ನುವ ಗೋಳು ನಿಜ. ಆದರೆ ಮೂಲ ಆನ್‌ಲೈನ್‌ನಲ್ಲೇ ಇರಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಲೈಬ್ರರಿಯಲ್ಲಿ ಸಿಗುವ ಹಳೇ ಸುಧಾ, ರೂಪತಾರಾ, ಪ್ರಜಾವಾಣಿ ಎಲ್ಲವೂ ನಡೆಯುತ್ತವೆ. ಲೇಖನದ ತಲೆಬರಹ, ಬರೆದವರು, ಸಂಚಿಕೆಯ ತಾರೀಕು, ಪುಟ ಸಂಖ್ಯೆ ಕೊಡಿ, ಬೇರೆಯವರು ಹೋಗಿ ನೋಡುವ ಹಾಗಿರಲಿ. ವೆಬ್ ಲಿಂಕ್ ಆದರೆ ಅವತ್ತೇ ವೇಬ್ಯಾಕ್ ಮೆಷಿನ್‌ನಲ್ಲಿ (ವೆಬ್ ಪುಟಗಳ ಪ್ರತಿ ಕಾಪಿಡುವ ತಾಣ) ಉಳಿಸಿ ಆ ವಿಳಾಸವನ್ನೂ ಹಾಕಿ. ಇ-ಪೇಪರ್ ಲಿಂಕ್ ನಂಬಿ ನಾನು ಜಾಸ್ತಿ ಸಲ ಕೆಟ್ಟಿದ್ದೇನೆ.

ಬದುಕಿರುವವರ ವಿಷಯದಲ್ಲಿ ಇನ್ನೂ ಬಿಗಿ ಬೇಕು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ ಕೆನಡಿ ಹತ್ಯೆಯಲ್ಲಿ ಅವರ ಕೈವಾಡದ ಶಂಕೆ ಇತ್ತೆಂದು ಯಾರೋ ತಮಾಷೆಗೆ ಬರೆದರು, ಸುಮಾರು ನಾಲ್ಕು ತಿಂಗಳು ಅದು ಹಾಗೇ ಇತ್ತು. ಮದುವೆ, ವಿಚ್ಛೇದನ, ಕಾಯಿಲೆ, ಪೊಲೀಸ್ ಕೇಸು, ಇವಕ್ಕೆ ಗಟ್ಟಿ ಮೂಲ ಇಲ್ಲದಿದ್ದರೆ 'ಉಲ್ಲೇಖ ಬೇಕು' ಅಂತ ಪಟ್ಟಿ ಅಂಟಿಸುತ್ತಾ ಕೂರಬೇಡಿ, ಆ ಸಾಲನ್ನೇ ತೆಗೆಯಿರಿ. ಮೂಲ ಇದ್ದರೂ ಪದ ನೋಡಿಕೊಳ್ಳಿ. ಚಾರ್ಜ್‌ಶೀಟ್ ಹಾಕಿದ ಮಾತ್ರಕ್ಕೆ 'ಆರೋಪಿ' 'ಅಪರಾಧಿ' ಆಗುವುದಿಲ್ಲ, ಅದಕ್ಕೆ ಕೋರ್ಟ್ ತೀರ್ಪು ಬರಬೇಕು. ಸಾವಿನ ಸುದ್ದಿಯಲ್ಲಂತೂ ಕುಟುಂಬದವರೋ ಆಸ್ಪತ್ರೆಯೋ ಹೇಳುವ ತನಕ ಕೈ ಕಟ್ಟಿ ಕೂರಿ, ಅರ್ಧ ಗಂಟೆ ತಡವಾದರೆ ಯಾರೂ ಬೈಯುವುದಿಲ್ಲ.

ಅಭಿಮಾನಿಗಳು ನೀವು ತೆಗೆದದ್ದನ್ನು ಮತ್ತೆ ಹಾಕುತ್ತಾರೆ. ಬಿರುದುಗಳ ಮಾಲೆ, ಹುಟ್ಟಿದ ವರ್ಷ, 'ದಾಖಲೆ ಗಳಿಕೆ', ಎಲ್ಲ ವಾಪಸ್. ನೀವೂ ಎಳೆದಾಡಬೇಡಿ. ಸಂಪಾದನೆಯ ಸಾರಾಂಶದಲ್ಲಿ ಯಾಕೆ ತೆಗೆದಿರಿ ಅಂತ ಒಂದು ಸಾಲು ಬರೆಯಿರಿ, ಚರ್ಚೆ ಪುಟದಲ್ಲಿ 'ಈ ವರ್ಷ ಎಲ್ಲಿ ಓದಿದಿರಿ?' ಅಂತ ಕೇಳಿ. ಅದೂ ಆಗದಿದ್ದರೆ ಅರಳಿಕಟ್ಟೆಗೆ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರೂ ಸೇರಿ ಚರ್ಚಿಸುವ ಪುಟಕ್ಕೆ, ತನ್ನಿ. ನಾನು ಒಮ್ಮೆ ಹಾಗೆ ಕೇಳಿದ್ದಕ್ಕೆ, ಮೂರು ದಿನ ಜಗಳ ಆಡಿದ್ದ ಹುಡುಗನೇ ತನ್ನ ತಾತ ಕತ್ತರಿಸಿ ಇಟ್ಟಿದ್ದ ಪತ್ರಿಕೆಯ ತುಣುಕು ಹುಡುಕಿ ತಾರೀಕು, ಪುಟ ಸಂಖ್ಯೆ ಕೊಟ್ಟ. ಅವನು ಹೇಳಿದ ವರ್ಷವೇ ಸರಿಯಿತ್ತು.